ಮಿಂಚುಹುಳದ ಬೆಳಕಿನಲ್ಲಿ ಓದಲು ಹೊರಟವನು

(ಶಾಲೆಯ ಸುವರ್ಣ ಮಹೋತ್ಸವದ ಎರಡನೇ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಮಾಹಿತಿ ತಂತ್ರಜ್ಞಾನ ಮತ್ತು ಗ್ರಾಮೀಣ ವಿದ್ಯಾರ್ಥಿ’ ಎಂದು ಅಚ್ಚಾಗಿದೆ. ಆ ವಿಷಯದ ಮೇಲೆ ನನಗಿಂತ ಚೆನ್ನಾಗಿ ಮಾತಾಡಬಲ್ಲವರು ಈ ಸಭೆಯಲ್ಲೇ ಇದ್ದಾರೆ. ಸಂಚಾಲಕರ ಅನುಮತಿ ಕೇಳಿಕೊಂಡು ನಾನು ಇವತ್ತು ಒಂದು ಹುಳದ ಬಗ್ಗೆ ಮಾತಾಡುತ್ತೇನೆ. ನಮ್ಮೂರಿನಲ್ಲಿ ಎಲ್ಲರೂ ನೋಡಿರುವ ಹುಳ, ಮಿಂಚುಹುಳ. ಮಾತಿನ ಕೊನೆಗೆ ನಿಮ್ಮ ಮುಂದೆ ಒಂದು ಕೋರಿಕೆಯನ್ನೂ ಇಡುತ್ತೇನೆ. ಆ ಕೋರಿಕೆ ನಾಳೆಯ ಸಮಿತಿ ಸಭೆಗೆ ಸಂಬಂಧಪಟ್ಟದ್ದು, ಹಾಗಾಗಿ ಮಧ್ಯದಲ್ಲಿ ಚಹಾ ಕುಡಿಯಲು ಎದ್ದು ಹೋಗಬೇಡಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ.

2001ರ ಜೂನ್ ತಿಂಗಳು. ನಾನು ಒಂಬತ್ತನೇ ತರಗತಿಗೆ ಬಂದಿದ್ದೆ. ನಮ್ಮ ಮನೆಗೆ ಕರೆಂಟ್ ಇತ್ತು, ಆದರೆ ಮಳೆಗಾಲ ಶುರುವಾದರೆ ತಂತಿಯ ಮೇಲೆ ಮರ ಬಿದ್ದು ವಾರಗಟ್ಟಲೆ ಇರುತ್ತಿರಲಿಲ್ಲ. ಸೀಮೆಎಣ್ಣೆ ರೇಷನ್ನಿನಲ್ಲಿ ಬರುತ್ತಿದ್ದುದು ಅಡಿಗೆಮನೆಯ ಬುಡ್ಡಿಗೇ ಸಾಲುತ್ತಿರಲಿಲ್ಲ. ಆ ದಿನಗಳಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ತರಗತಿಯಲ್ಲಿ ಒಂದು ಕಥೆ ಹೇಳಿದರು. ಸುಮಾರು 1600 ವರ್ಷಗಳ ಹಿಂದೆ ಚೀನಾದಲ್ಲಿ ಚೆ ಯಿನ್ ಎಂಬ ಬಡ ಹುಡುಗನಿದ್ದನಂತೆ. ದೀಪಕ್ಕೆ ಎಣ್ಣೆ ಇಲ್ಲ. ಬೇಸಿಗೆಯ ರಾತ್ರಿ ಹತ್ತಾರು ಮಿಂಚುಹುಳಗಳನ್ನು ಹಿಡಿದು ತೆಳುವಾದ ರೇಷ್ಮೆ ಚೀಲದಲ್ಲಿ ತುಂಬಿ, ಅದರ ಬೆಳಕಿನಲ್ಲಿ ಓದಿದ. ಮುಂದೆ ದೊಡ್ಡ ಅಧಿಕಾರಿಯಾದ.

ಕಥೆ ಕೇಳಿದ ಸಂಜೆಯೇ ನಾನು ಖಾಲಿ ಹಾರ್ಲಿಕ್ಸ್ ಬಾಟಲಿ ಹಿಡಿದುಕೊಂಡು ಶಾಲೆಯ ಹಿಂದಿನ ಹಳ್ಳದ ದಂಡೆಗೆ ಬಂದೆ. ಈಗ ಬಿಸಿಯೂಟದ ಕೋಣೆ ಇದೆಯಲ್ಲ, ಅದರ ಹಿಂದೆ ಇಳಿಜಾರಿದೆ, ಅಲ್ಲಿಗೆ. ನಿಮ್ಮಲ್ಲಿ ನಲವತ್ತು ದಾಟಿದವರಿಗೆ ಆಗ ಆ ಜಾಗ ಹೇಗಿತ್ತು ಎಂದು ನಾನು ಹೇಳಬೇಕಾಗಿಲ್ಲ. ಮೊದಲ ಮಳೆ ಬಿದ್ದ ಮೇಲೆ ಅಲ್ಲಿಯ ಮರಗಳು ತುದಿಯಿಂದ ಬುಡದವರೆಗೆ ಹೊತ್ತಿ ಆರುತ್ತಿದ್ದವು. ಕೈ ಚಾಚಿದರೆ ಸಾಕು, ಅಂಗೈಯಲ್ಲಿ ಒಂದು ಹುಳ. ಅರ್ಧ ಗಂಟೆಯಲ್ಲಿ ನಲವತ್ತಮೂರು ಹುಳ ಹಿಡಿದೆ. ಎಣಿಸಿದ್ದು ಯಾಕೆಂದರೆ ಮರುದಿನ ಗೆಳೆಯರ ಮುಂದೆ ಹೇಳಿಕೊಳ್ಳಬೇಕಿತ್ತು.

ಮನೆಗೆ ಬಂದು ಸಮಾಜ ವಿಜ್ಞಾನದ ಪುಸ್ತಕ ತೆಗೆದು ಬಾಟಲಿಯನ್ನು ಹಾಳೆಯ ಮೇಲಿಟ್ಟೆ. ಬೆಳಕೇನೋ ಬಂತು, ಆದರೆ ಒಂದು ಹುಳ ಹೊತ್ತುವಾಗ ಇನ್ನೊಂದು ಆರುತ್ತಿತ್ತು. ಬಾಟಲಿಯನ್ನು ಹಾಳೆಗೆ ಒತ್ತಿ ಹಿಡಿದರೆ ಕೆಳಗಿನ ಒಂದೆರಡು ಅಕ್ಷರ ಕಾಣುತ್ತಿದ್ದವು, ಮುಂದಿನ ಅಕ್ಷರಕ್ಕೆ ಹೋಗುವಷ್ಟರಲ್ಲಿ ಕತ್ತಲು. ‘ಪಾಣಿಪತ್’ ಎಂಬ ಒಂದು ಪದ ಓದಲು ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಅಮ್ಮ ಬಂದು, ‘ಕಣ್ಣು ಹಾಳು ಮಾಡ್ಕೋಬೇಡ, ಮಲ್ಕೋ’ ಎಂದಳು. ಬಾಟಲಿಯ ಮುಚ್ಚಳ ಬಿಗಿ ಮಾಡಿ ತಲೆಯ ಹತ್ತಿರ ಇಟ್ಟುಕೊಂಡು ಮಲಗಿದೆ.

ಬೆಳಿಗ್ಗೆ ನೋಡಿದರೆ ಬಾಟಲಿಯ ತಳದಲ್ಲಿ ಹುಳಗಳು ಕಪ್ಪು ಅಕ್ಕಿಯ ಹಾಗೆ ಬಿದ್ದಿದ್ದವು. ನಾಲ್ಕೈದು ಮಾತ್ರ ಅಲುಗಾಡುತ್ತಿದ್ದವು.

ಆ ಬಾಟಲಿಯನ್ನು ಹಾಗೇ ಶಾಲೆಗೆ ತಂದು ಮೇಷ್ಟ್ರ ಮೇಜಿನ ಮೇಲಿಟ್ಟೆ. ‘ಸರ್, ಆ ಕಥೆ ಸುಳ್ಳು’ ಎಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬಾಟಲಿ ಎತ್ತಿ ನೋಡಿ ಕೇಳಿದರು: ‘ಎಷ್ಟು ಹುಳ?’

‘ನಲವತ್ತಮೂರು ಸರ್.’

‘ಎಷ್ಟು ಅಕ್ಷರ ಓದಿದೆ?’

‘ಒಂದೇ ಪದ ಸರ್.’

‘ಮುಚ್ಚಳಕ್ಕೆ ತೂತು ಮಾಡಿದ್ದೆಯೇನೋ?’

ನಾನು ಸುಮ್ಮನೆ ನಿಂತೆ. ಅವರೂ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ‘ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರಿ. ತೂತು ಮಾಡಲಿಲ್ಲ ಅನ್ನೋದನ್ನೂ ಬರಿ. ಓದೋಕೆ ದೀಪ ಬೇಕಿದ್ರೆ ಸಂಜೆ ನಮ್ಮ ಮನೆಗೆ ಬಾ, ಬ್ಯಾಟರಿ ಲೈಟ್ ಇದೆ’ ಎಂದರು. ಆ ಮಳೆಗಾಲ ಪೂರ್ತಿ ನಾನು ಮತ್ತು ನನ್ನ ತರಗತಿಯ ಇನ್ನಿಬ್ಬರು ಅವರ ಮನೆಯ ಜಗಲಿಯಲ್ಲಿ ಕೂತು ಓದಿದೆವು. ಮೇಷ್ಟ್ರು ಇವತ್ತು ಸಭೆಯಲ್ಲೇ ಇದ್ದಾರೆ. ಹೆಸರು ಹೇಳಬಾರದು ಎಂದು ತಾಕೀತು ಮಾಡಿದ್ದಾರೆ, ಹಾಗಾಗಿ ಹೇಳುತ್ತಿಲ್ಲ.

ಮುಂದೆ ಬಹಳ ವರ್ಷಗಳ ಮೇಲೆ ನನಗೆ ಒಂದು ವಿಷಯ ತಿಳಿಯಿತು. ಆ ಕಥೆಯನ್ನು ಪರೀಕ್ಷೆ ಮಾಡಿದವನು ನಾನೊಬ್ಬನೇ ಅಲ್ಲ. 1661ರಿಂದ 1722ರವರೆಗೆ ಚೀನಾವನ್ನು ಆಳಿದ ಕಾಂಗ್‌ಷಿ ಚಕ್ರವರ್ತಿಯೂ ಮಾಡಿದ್ದ. ಅವನಿಗೆ ಹುಳ ಹಿಡಿದು ಕೊಡಲು ಆಳುಗಳಿದ್ದರು. ದೊಡ್ಡ ಚೀಲದ ತುಂಬ ಮಿಂಚುಹುಳ ತುಂಬಿಸಿ ಪುಸ್ತಕದ ಮೇಲೆ ಹಿಡಿದು ನೋಡಿ, ಅಕ್ಷರ ಕಾಣುವುದಿಲ್ಲ ಎಂದು ಬರೆದಿಟ್ಟ. ಚೀನಾದ ಚಕ್ರವರ್ತಿಗೂ ನಮ್ಮೂರ ಹುಡುಗನಿಗೂ ಒಂದೇ ಉತ್ತರ ಸಿಕ್ಕಿತ್ತು. ಆದರೂ ಆ ಕಥೆ ಸಾಯಲಿಲ್ಲ. ಜಪಾನಿನ ಶಾಲೆಗಳಲ್ಲಿ ಮಕ್ಕಳನ್ನು ಬೀಳ್ಕೊಡುವಾಗ ಹಾಡುವ ಹಳೆಯ ಹಾಡೊಂದರ ಹೆಸರೇ ‘ಮಿಂಚುಹುಳದ ಬೆಳಕು’. ಕಷ್ಟಪಟ್ಟು ಓದಿದ ದಿನಗಳು ಎಂಬುದಕ್ಕೆ ಅಲ್ಲಿ ಅದೇ ಗುರುತು.

ನಮ್ಮಲ್ಲೂ ಇಂಥ ಕಥೆಗಳಿಗೆ ಕೊರತೆಯಿಲ್ಲ. ಗೀಜಗ ತನ್ನ ಗೂಡಿನೊಳಗೆ ಹಸಿ ಮಣ್ಣಿನ ಉಂಡೆ ಅಂಟಿಸಿ, ಅದಕ್ಕೆ ಮಿಂಚುಹುಳ ಸಿಕ್ಕಿಸಿ ದೀಪ ಮಾಡಿಕೊಳ್ಳುತ್ತದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ನಿಮ್ಮ ಅಜ್ಜಿಯರೂ ಹೇಳಿರುತ್ತಾರೆ. ಗೀಜಗ ಅರ್ಧ ಕಟ್ಟಿದ ಗೂಡಿನ ಒಳಗೆ ಮಣ್ಣು ಮೆತ್ತುವುದು ನಿಜ. ಆದರೆ ದೀಪದ ಮಾತು ನಾವು ಸೇರಿಸಿದ್ದು. ಪಂಚತಂತ್ರದಲ್ಲಿ ಚಳಿಗೆ ನಡುಗುವ ಮಂಗಗಳು ಮಿಂಚುಹುಳವನ್ನೇ ಬೆಂಕಿ ಎಂದು ತಿಳಿದು, ಮೇಲೆ ಹುಲ್ಲು ಕಡ್ಡಿ ಒಟ್ಟಿ ಊದುತ್ತವೆ. ‘ಅದು ಬೆಂಕಿಯಲ್ಲ’ ಎಂದು ಬುದ್ಧಿ ಹೇಳಲು ಹೋದ ಹಕ್ಕಿ ಜೀವ ಕಳೆದುಕೊಳ್ಳುತ್ತದೆ. ಈ ಕೊನೆಯ ಸಂಗತಿ ನೆನಪಿದ್ದೂ ನಾನು ಇವತ್ತು ಈ ಮೈಕಿನ ಮುಂದೆ ನಿಂತಿದ್ದೇನೆ. (ನಗು)

ಹುಳದ ಬೆಳಕನ್ನು ನಿಜವಾಗಿಯೂ ಬಳಸಿದವರೂ ಇದ್ದಾರೆ. ಕೆರಿಬಿಯನ್ ದ್ವೀಪಗಳಲ್ಲಿ ಕುಕುಯೋ ಎಂಬ ಹೊಳೆಯುವ ಜೀರುಂಡೆ ಇದೆ. ಅದು ನಮ್ಮ ಮಿಂಚುಹುಳಕ್ಕಿಂತ ದೊಡ್ಡದು, ಮಿನುಗದೆ ಒಂದೇ ಸಮನೆ ಬೆಳಗುತ್ತದೆ. ಅಲ್ಲಿಯ ಮೂಲನಿವಾಸಿಗಳು ಅದನ್ನು ಮನೆಯೊಳಗೆ ದೀಪವಾಗಿ ಬಳಸುತ್ತಿದ್ದರು, ರಾತ್ರಿ ದಾರಿ ನಡೆಯಲು ಕಾಲಿಗೆ ಕಟ್ಟಿಕೊಳ್ಳುತ್ತಿದ್ದರು ಎಂದು 16ನೇ ಶತಮಾನದಲ್ಲಿ ಅಲ್ಲಿಗೆ ಹೋದ ಸ್ಪೇನಿನವರು ಬರೆದಿದ್ದಾರೆ. ಜಪಾನಿನಲ್ಲಿ ಬೇರೆ ರೀತಿ. ಮೊರಿಯಾಮ ಎಂಬ ಊರಿನ ಹಳ್ಳಗಳಲ್ಲಿ ಮಿಂಚುಹುಳ ಹಿಡಿದು ಪಟ್ಟಣಗಳಿಗೆ ಮಾರುವ ವ್ಯಾಪಾರವೇ ನಡೆಯುತ್ತಿತ್ತು. ಶ್ರೀಮಂತರ ತೋಟಗಳಲ್ಲಿ, ಹೋಟೆಲುಗಳಲ್ಲಿ ಒಂದು ರಾತ್ರಿಯ ಶೋಭೆಗೆ ಬಿಡುತ್ತಿದ್ದರು. ಹಿಡಿಯುತ್ತಾ ಹಿಡಿಯುತ್ತಾ ಅಲ್ಲಿ ಹುಳಗಳೇ ಅಪರೂಪವಾದವು. ಈಗ ಅದೇ ಊರಿನವರು ಕಷ್ಟಪಟ್ಟು ಹುಳ ಸಾಕಿ ಮತ್ತೆ ಹಳ್ಳಕ್ಕೆ ಬಿಡುತ್ತಿದ್ದಾರೆ.

ಮಕ್ಕಳಿಗಾಗಿ ಸ್ವಲ್ಪ ವಿಜ್ಞಾನ ಹೇಳುತ್ತೇನೆ. ಮಿಂಚುಹುಳ ನೊಣವಲ್ಲ, ಜೀರುಂಡೆಯ ಜಾತಿ. ಪ್ರಪಂಚದಲ್ಲಿ 2000ಕ್ಕೂ ಹೆಚ್ಚು ಬಗೆ ಇವೆ. ಹೊಟ್ಟೆಯ ತುದಿಯಲ್ಲಿರುವ ಬೆಳಕಿನ ಅಂಗದಲ್ಲಿ ಲೂಸಿಫೆರಿನ್ ಎಂಬ ವಸ್ತು ಇದೆ. ಅದನ್ನು ಆಮ್ಲಜನಕದ ಜೊತೆ ಸೇರಿಸುವ ಕೆಲಸ ಲೂಸಿಫೆರೇಸ್ ಎಂಬ ಕಿಣ್ವದ್ದು. ಈ ಎರಡೂ ಹೆಸರುಗಳನ್ನು ಕೊಟ್ಟವನು ಫ್ರಾನ್ಸಿನ ರಫಾಯೆಲ್ ದುಬ್ವಾ, 1880ರ ದಶಕದಲ್ಲಿ. ನಾನು ಈಗ ಹೇಳಿದ ಕುಕುಯೋ ಜೀರುಂಡೆಯನ್ನೇ ಅವನು ಮೊದಲು ಪರೀಕ್ಷಿಸಿದ್ದು. ಈ ಬೆಳಕಿನಲ್ಲಿ ಬಿಸಿ ಇಲ್ಲ. ಹಳೆಯ ಕಾಲದ ಬಲ್ಬಿನಲ್ಲಿ ಕರೆಂಟಿನ ಬಹುಪಾಲು ಬಿಸಿಯಾಗಿಯೇ ಹೋಗುತ್ತಿತ್ತು. ‘ಮಿಂಚುಹುಳದಲ್ಲಿ ನೂರಕ್ಕೆ ತೊಂಬತ್ತು ಭಾಗ ಬೆಳಕೇ ಆಗುತ್ತದೆ’ ಎಂದು ನಮ್ಮ ಕಾಲದಲ್ಲಿ ಓದಿದ್ದೆವು. 2008ರಲ್ಲಿ ಜಪಾನಿನ ವಿಜ್ಞಾನಿಗಳು ಮತ್ತೆ ಅಳೆದು ನೋಡಿದಾಗ ನೂರು ಅಣುಗಳಲ್ಲಿ ಸುಮಾರು 41 ಮಾತ್ರ ಬೆಳಕು ಕೊಡುತ್ತವೆ ಎಂದು ತಿಳಿಯಿತು. ಪುಸ್ತಕದಲ್ಲಿದ್ದುದನ್ನೂ ಮತ್ತೊಮ್ಮೆ ಅಳೆದು ನೋಡಬೇಕು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಈ ಬೆಳಕಿಗೆ ಇನ್ನೊಂದು ವಸ್ತು ಬೇಕು, ಅದರ ಹೆಸರು ಎಟಿಪಿ. ಮನುಷ್ಯ, ಅಡಿಕೆ ಮರ, ದನ, ಬ್ಯಾಕ್ಟೀರಿಯಾ, ಎಲ್ಲ ಜೀವಕೋಶಗಳೂ ತಮ್ಮ ದಿನದ ಕೆಲಸಕ್ಕೆ ಖರ್ಚು ಮಾಡುವ ಚಿಲ್ಲರೆ ಕಾಸು ಅದು. ಮಿಂಚುಹುಳದ ಬೆಳಕಿಗೆ ಎಟಿಪಿ ಬೇಕೇ ಬೇಕು ಎಂದು 1947ರಲ್ಲಿ ತೋರಿಸಿದವನು ಅಮೆರಿಕದ ವಿಲಿಯಂ ಮ್ಯಾಕೆಲ್ರಾಯ್. ಎಟಿಪಿ ಎಷ್ಟಿದೆಯೋ ಬೆಳಕು ಅಷ್ಟು. ಹಾಗಾದರೆ ಬೆಳಕನ್ನು ಅಳೆದರೆ ಎಟಿಪಿಯನ್ನು ಅಳೆದಂತೆ, ಎಟಿಪಿಯನ್ನು ಅಳೆದರೆ ಅಲ್ಲಿ ಜೀವದ ಅಂಶ ಎಷ್ಟಿದೆ ಎಂದು ತಿಳಿದಂತೆ.

ಈ ಕೆಲಸಕ್ಕೆ ಮ್ಯಾಕೆಲ್ರಾಯ್‌ಗೆ ಸಾವಿರಾರು ಹುಳ ಬೇಕಾಯಿತು. ಬಾಲ್ಟಿಮೋರ್ ಊರಿನ ಮಕ್ಕಳಿಗೆ ನೂರು ಹುಳಕ್ಕೆ 25 ಸೆಂಟ್ ಕೊಡುತ್ತೇನೆ ಎಂದ. ಮಕ್ಕಳು ಬಾಟಲಿ ಹಿಡಿದು ಹೊರಟರು. ಆಮೇಲೆ ಅಮೆರಿಕದ ಸಿಗ್ಮಾ ಎಂಬ ರಾಸಾಯನಿಕ ಕಂಪನಿ ಹುಳ ಹಿಡಿದು ಕಳಿಸುವವರ ಕ್ಲಬ್ಬನ್ನೇ ಮಾಡಿತು. 1990ರ ದಶಕದವರೆಗೂ ಬೇಸಿಗೆಯಲ್ಲಿ ಹುಳಗಳು ಲಕ್ಷಗಟ್ಟಲೆ ಬರುತ್ತಿದ್ದವು. ಇದನ್ನು ಓದಿದಾಗ ನನ್ನ ಹಾರ್ಲಿಕ್ಸ್ ಬಾಟಲಿ ನೆನಪಾಯಿತು. ವ್ಯತ್ಯಾಸ ಇಷ್ಟೇ, ಅವರಿಗೆ ದುಡ್ಡು ಸಿಕ್ಕಿತು.

ಇದು ನಿಂತದ್ದು ಹೇಗೆ? 1985ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಲೂಸಿಫೆರೇಸ್ ತಯಾರಿಸುವ ಜೀನನ್ನು ಹುಳದಿಂದ ತೆಗೆದು ಬ್ಯಾಕ್ಟೀರಿಯಾಕ್ಕೆ ಸೇರಿಸಿದರು. ಮರುವರ್ಷ ಅದೇ ಜೀನನ್ನು ತಂಬಾಕಿನ ಗಿಡಕ್ಕೆ ಸೇರಿಸಿ ಗಿಡವೇ ಹೊಳೆಯುವಂತೆ ಮಾಡಿದರು. ಈಗ ಆ ಕಿಣ್ವವನ್ನು ಬ್ಯಾಕ್ಟೀರಿಯಾಗಳೇ ತಯಾರಿಸಿಕೊಡುತ್ತವೆ, ಲೂಸಿಫೆರಿನ್ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಈ ಕೆಲಸಕ್ಕೆ ಹುಳ ಹಿಡಿಯಬೇಕಾಗಿಲ್ಲ.

2009ರಲ್ಲಿ ಬಿಇ ಮುಗಿಸಿ ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿ ಸೇರಿದೆ. ಅಳತೆಯ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವುದು ಅಲ್ಲಿಯ ಕೆಲಸ. ನನಗೆ ಕೊಟ್ಟ ಮೊದಲ ಯಂತ್ರ ಅಂಗೈಗಿಂತ ಸ್ವಲ್ಪ ದೊಡ್ಡದು. ಆಸ್ಪತ್ರೆಯ ಮಂಚ, ಹಾಲಿನ ಡೈರಿಯ ಕೊಳವೆ, ಅಡಿಗೆಯ ಮೇಜು, ಇವುಗಳನ್ನು ತೊಳೆದ ಮೇಲೆ ಹತ್ತಿಯ ಕಡ್ಡಿಯಿಂದ ಒರೆಸಿ ಆ ಕಡ್ಡಿಯನ್ನು ಯಂತ್ರದೊಳಗೆ ಇಟ್ಟರೆ ಹದಿನೈದು ಇಪ್ಪತ್ತು ಸೆಕೆಂಡಿನಲ್ಲಿ ಒಂದು ಸಂಖ್ಯೆ ಬರುತ್ತದೆ. ಸಂಖ್ಯೆ ದೊಡ್ಡದಿದ್ದರೆ ಕೊಳೆ ಉಳಿದಿದೆ, ಮತ್ತೆ ತೊಳೆಯಿರಿ ಎಂದರ್ಥ. ಯಾವ ರೋಗಾಣು ಎಂದು ಅದು ಹೇಳುವುದಿಲ್ಲ, ಶುಚಿಯಾಗಿದೆಯೋ ಇಲ್ಲವೋ ಎಂಬ ಅಂದಾಜು ಕೊಡುತ್ತದೆ. ಆ ಸಂಖ್ಯೆ ಪರದೆಯ ಮೇಲೆ ಸರಿಯಾಗಿ ಮೂಡುವಂತೆ ಪ್ರೋಗ್ರಾಂ ಬರೆಯುವುದು ನನ್ನ ಪಾಲಿನ ಕೆಲಸವಾಗಿತ್ತು.

ಮೂರು ತಿಂಗಳು ನಾನು ಅದನ್ನು ಬರೀ ಸಂಖ್ಯೆ ಎಂದೇ ನೋಡಿದೆ. ಒಂದು ದಿನ ಕಡ್ಡಿಯ ಜೊತೆ ಬಂದ ಕಾಗದವನ್ನು ಪೂರ್ತಿ ಓದಿದೆ. ಕಡ್ಡಿಯ ತಳದಲ್ಲಿರುವ ದ್ರವದಲ್ಲಿ ಲೂಸಿಫೆರಿನ್, ಲೂಸಿಫೆರೇಸ್. ಕೊಳೆಯಲ್ಲಿ ಎಟಿಪಿ. ಎರಡೂ ಸೇರಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳಕು. ಯಂತ್ರ ನೋಡುತ್ತಿದ್ದುದು ಅದನ್ನೇ, ನಮ್ಮ ಹಳ್ಳದ ದಂಡೆಯ ಬೆಳಕನ್ನು. ಅವತ್ತು ಆಫೀಸಿನಿಂದಲೇ ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಈಗ ಎಷ್ಟು ಹುಳ ಸಾಯ್ತವೆ?’ ‘ಒಂದೂ ಇಲ್ಲ ಸರ್’ ಎಂದೆ. ‘ಹಾಗಾದ್ರೆ ಒಳ್ಳೇ ಕೆಲಸ’ ಎಂದರು.

ಕಂಪ್ಯೂಟರಿಗೂ ಈ ಹುಳಕ್ಕೂ ಇನ್ನೊಂದು ನಂಟಿದೆ. ಥಾಯ್ಲೆಂಡ್, ಮಲೇಷ್ಯಾದ ಹೊಳೆದಂಡೆಗಳಲ್ಲಿ ಒಂದು ಮರದ ಸಾವಿರಾರು ಹುಳಗಳು ಒಟ್ಟಿಗೇ ಹೊತ್ತಿ ಒಟ್ಟಿಗೇ ಆರುತ್ತವೆ. 1917ರಲ್ಲಿ ಅಮೆರಿಕದ ಒಬ್ಬರು, ‘ಅದು ನಿಜವಲ್ಲ, ನೋಡುವವನ ರೆಪ್ಪೆ ಬಡಿತದ ಭ್ರಮೆ’ ಎಂದು ಬರೆದಿದ್ದರು. 1960ರ ದಶಕದಲ್ಲಿ ಜಾನ್ ಮತ್ತು ಎಲಿಜಬೆತ್ ಬಕ್ ದಂಪತಿ ಬ್ಯಾಂಕಾಕಿನ ಹತ್ತಿರ ಹುಳ ಹಿಡಿದು, ಹೋಟೆಲ್ ಕೋಣೆಯ ದೀಪ ಆರಿಸಿ ಒಳಗೆ ಬಿಟ್ಟರು. ಮೊದಲು ಎಲ್ಲವೂ ತಮಗೆ ಬೇಕಾದ ಹಾಗೆ ಮಿನುಗಿದವು. ಸ್ವಲ್ಪ ಹೊತ್ತಿಗೆ ಎರಡು, ಮೂರು, ಆಮೇಲೆ ಗುಂಪೇ ಒಂದೇ ತಾಳಕ್ಕೆ ಬಂತು. ಅಲ್ಲಿ ಯಜಮಾನ ಹುಳ ಇಲ್ಲ. ಪಕ್ಕದವನ ಮಿಂಚು ನೋಡಿ ಪ್ರತಿಯೊಂದೂ ತನ್ನ ಹೊತ್ತನ್ನು ಸ್ವಲ್ಪ ಸರಿಮಾಡಿಕೊಳ್ಳುತ್ತದೆ, ಅಷ್ಟೇ. 1990ರಲ್ಲಿ ಮಿರೊಲೊ ಮತ್ತು ಸ್ಟ್ರೋಗಾಟ್ಜ್ ಎಂಬ ಗಣಿತಜ್ಞರು ಇದಕ್ಕೆ ಲೆಕ್ಕ ಬರೆದರು. 2005ರಲ್ಲಿ ಹಾರ್ವರ್ಡಿನವರು ಅದೇ ಲೆಕ್ಕದಿಂದ ದೂರ ದೂರ ಇಟ್ಟ ಸಣ್ಣ ವೈರ್‌ಲೆಸ್ ಯಂತ್ರಗಳು ಒಂದೇ ತಾಳಕ್ಕೆ ಬರುವಂತೆ ಮಾಡಿದರು. ಈಗ ನನ್ನ ಕೆಲಸವೂ ಇದಕ್ಕೆ ಹತ್ತಿರದ್ದೇ, ಬೇರೆ ಬೇರೆ ಊರಿನಲ್ಲಿರುವ ಕಂಪ್ಯೂಟರುಗಳ ಗಡಿಯಾರ ಹೊಂದಿಸುವುದು. ಒಟ್ಟಿಗೆ ಮಿನುಗುವ ಹುಳ ನೋಡಲು ಥಾಯ್ಲೆಂಡಿಗೇ ಹೋಗಬೇಕಾಗಿಲ್ಲ. 2022ರಲ್ಲಿ ತಮಿಳುನಾಡಿನ ಆನೆಮಲೈ ಕಾಡಿನಲ್ಲೂ ಅಂಥ ದೊಡ್ಡ ಗುಂಪುಗಳು ಕಂಡವು. ಅದೂ ನಮ್ಮ ಪಶ್ಚಿಮ ಘಟ್ಟವೇ.

ಇನ್ನು ವಿಷಯಕ್ಕೆ ಬರುತ್ತೇನೆ.

ಎರಡು ವರ್ಷದ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಸುವರ್ಣ ಮಹೋತ್ಸವಕ್ಕೆ ಶಾಲೆಗೆ ಏನು ಕೊಡೋಣ ಎಂಬ ಚರ್ಚೆ ಬಂತು. ಮೈದಾನಕ್ಕೆ ಹೈಮಾಸ್ಟ್ ದೀಪ ಹಾಕಿಸೋಣ ಎಂದು ಮೊದಲು ಬರೆದವನು ಬೇರೆ ಯಾರೂ ಅಲ್ಲ, ನಾನೇ. ನನ್ನ ಪಾಲಿನ 25 ಸಾವಿರ ರೂಪಾಯಿಯನ್ನು ಮೊದಲು ಹಾಕಿದವನೂ ನಾನೇ. ಊರಿಗೆ ದೊಡ್ಡ ಬೆಳಕು, ಕಂಬದ ಕೆಳಗೆ ದಾನಿಗಳ ಹೆಸರಿನ ಕಲ್ಲು, ನನಗೂ ಅದು ಚೆನ್ನಾಗಿ ಕಂಡಿತ್ತು.

ಕಳೆದ ಜೂನ್‌ನಲ್ಲಿ ಅಪ್ಪನ ಕಣ್ಣಿನ ಆಪರೇಷನ್‌ಗೆಂದು ಊರಿಗೆ ಬಂದಿದ್ದೆ. ಏಳು ವರ್ಷದ ಮಗಳಿಗೆ ಮಿಂಚುಹುಳ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಮಳೆ ಬಂದು ನಿಂತ ಸಂಜೆ ಅವಳನ್ನು ಕರೆದುಕೊಂಡು ಮೊದಲು ಬಸ್ ಸ್ಟ್ಯಾಂಡಿನ ಹತ್ತಿರದ ಗದ್ದೆ ಬದುವಿಗೆ ಹೋದೆ. ಅಲ್ಲಿ ಈಗ ರಸ್ತೆಯ ದೊಡ್ಡ ದೀಪ, ಒಂದೂ ಹುಳ ಇಲ್ಲ. ಸೊಸೈಟಿಯ ಹಿಂದೆ ಹೋದೆ. ಗೋಡೌನಿನ ಬಿಳಿ ದೀಪ ಗದ್ದೆಯ ಮೇಲೆಲ್ಲ ಬಿದ್ದಿತ್ತು, ಎರಡೋ ಮೂರೋ ಹುಳ. ಮಗಳು, ‘ಅಪ್ಪಾ, ನೀನು ಸುಮ್ನೆ ಹೇಳಿದ್ದಾ?’ ಎಂದಳು. ಕೊನೆಗೆ ಮೇಷ್ಟ್ರ ಮನೆಗೆ ಹೋಗಿ ಕೇಳಿದೆ. ಅವರು ಟಾರ್ಚ್ ತೆಗೆದುಕೊಂಡು, ‘ಇನ್ನು ಒಂದೇ ಕಡೆ ಉಳಿದಿದ್ದು ಮಾರಾಯ, ಬಾ’ ಎಂದು ಕರೆದುಕೊಂಡು ಬಂದದ್ದು ಇಲ್ಲಿಗೆ, ನಮ್ಮ ಶಾಲೆಯ ಹಿಂದಿನ ಹಳ್ಳಕ್ಕೆ.

ಟಾರ್ಚ್ ಆರಿಸಿ ನಿಂತೆವು. ಮೊದಲು ಏನೂ ಕಾಣಲಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತಿದ್ದ ಹಾಗೆ ಹಳ್ಳದ ಆಚೆಯ ಒಂದು ಮರ ಹೊತ್ತಿತು, ಆಮೇಲೆ ಅದರ ಪಕ್ಕದ್ದು. ನಮ್ಮ ಕಾಲದಷ್ಟು ಇಲ್ಲ, ಆದರೆ ಇವೆ. ಮಗಳು ನನ್ನ ಕೈ ಬಿಟ್ಟು ಎರಡು ಹೆಜ್ಜೆ ಮುಂದೆ ಹೋಗಿ ಸುಮ್ಮನೆ ನಿಂತುಬಿಟ್ಟಳು. ಮೇಷ್ಟ್ರು ಮೈದಾನದ ಕಡೆ ಕೈ ತೋರಿಸಿ, ‘ನಿಮ್ಮ ಕಂಬ ಬರೋದು ಅಲ್ಲೇ ಅಲ್ವಾ?’ ಎಂದು ಕೇಳಿದರು. ಬೇರೆ ಏನೂ ಹೇಳಲಿಲ್ಲ.

ಬೆಳಕಿನಿಂದ ಹುಳಕ್ಕೆ ಏನಾಗುತ್ತದೆ ಎಂದು ಕೇಳಬಹುದು. ಅದರ ಮಿಂಚು ನಮಗಾಗಿ ಅಲ್ಲ, ಜೊತೆಗಾರನನ್ನು ಕರೆಯುವ ಮಾತು ಅದು. ಒಂದು ಹೊತ್ತಿಸಿ ಕೇಳುತ್ತದೆ, ಇನ್ನೊಂದು ಹೊತ್ತಿಸಿ ಉತ್ತರ ಕೊಡುತ್ತದೆ. ಸುತ್ತ ಹಗಲಿನಂಥ ಬೆಳಕಿದ್ದರೆ ಆ ಮಾತು ಕೇಳಿಸುವುದಿಲ್ಲ. ಈ ಮೈಕಿನ ಪಕ್ಕದಲ್ಲಿ ಜನರೇಟರ್ ಓಡಿಸಿದರೆ ನನ್ನ ಮಾತು ನಿಮಗೆ ಕೇಳಿಸದ ಹಾಗೆ. ರೆಕ್ಕೆ ಬಂದ ಮೇಲೆ ಹುಳ ಬದುಕುವುದು ಕೆಲವೇ ವಾರ, ಅಷ್ಟರೊಳಗೆ ಜೊತೆ ಸಿಗಬೇಕು. ಅದಕ್ಕೂ ಮೊದಲು ಎಷ್ಟೋ ತಿಂಗಳು ಅದು ಮರಿಹುಳವಾಗಿ ತೇವದ ನೆಲದಲ್ಲಿ ಬಸವನಹುಳು, ಗೊಂಡೆಹುಳು ತಿನ್ನುತ್ತಾ ಬದುಕುತ್ತದೆ, ಅಂದರೆ ನಮ್ಮ ತೋಟಕ್ಕೆ ಉಪಕಾರವನ್ನೇ ಮಾಡುತ್ತದೆ. ಪ್ರಪಂಚದ ಬೇರೆ ಬೇರೆ ಕಡೆಯ ಮಿಂಚುಹುಳ ತಜ್ಞರು 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ದೊಡ್ಡ ಅಪಾಯಗಳೆಂದು ಮೂರನ್ನು ಹೇಳಿದ್ದಾರೆ: ವಾಸದ ಜಾಗ ಹೋಗುವುದು, ರಾತ್ರಿಯ ದೀಪ, ಕೀಟನಾಶಕ. ನಾನು ಹುಳ ಹಿಡಿದು ಕೊಂದದ್ದು ನಲವತ್ತು. ಈ ಕಂಬ ನಿಂತರೆ ಒಂದನ್ನೂ ಹಿಡಿಯದೆ ಎಲ್ಲವನ್ನೂ ಕಳೆದುಕೊಳ್ಳುತ್ತೇವೆ.

ಇದನ್ನು ಗುಂಪಿನಲ್ಲಿ ಬರೆದಾಗ ಎಲ್ಲರೂ ಒಪ್ಪಲಿಲ್ಲ. ನಮ್ಮ ಶಾಲೆಯಲ್ಲೇ ಓದಿದ ಒಬ್ಬ ಅಕ್ಕ ಬರೆದರು: ‘ನಿನ್ನ ಮಗಳು ವರ್ಷಕ್ಕೊಮ್ಮೆ ಬಂದು ಹುಳ ನೋಡ್ತಾಳೆ. ನನ್ನ ಮಗಳು ಸ್ಪೆಷಲ್ ಕ್ಲಾಸ್ ಮುಗಿಸಿ ದಿನಾ ಕತ್ತಲಲ್ಲಿ ಬಸ್ ಸ್ಟ್ಯಾಂಡಿಗೆ ನಡೀತಾಳೆ.’ ಆ ಮಾತು ಓದಿ ನಾನು ಎರಡು ದಿನ ಉತ್ತರ ಬರೆಯಲಿಲ್ಲ. ಅವರು ಹೇಳಿದ್ದು ಸರಿ. ಬೆಂಗಳೂರಿನಲ್ಲಿ ರಾತ್ರಿಯಿಡೀ ದೀಪದ ಕೆಳಗೆ ಬದುಕುವ ನಾನು ಊರಿನವರಿಗೆ ‘ನೀವು ಕತ್ತಲಲ್ಲಿರಿ’ ಎಂದು ಹೇಳುವುದು ನ್ಯಾಯವಲ್ಲ. ಹಾವಿದೆ, ಹಂದಿಯಿದೆ, ಕುಡಿದು ಬರುವವರಿದ್ದಾರೆ. ಹೆಣ್ಣುಮಕ್ಕಳು ನಡೆಯುವ ದಾರಿಯಲ್ಲಿ ಬೆಳಕು ಇರಲೇಬೇಕು.

ಆಮೇಲೆ ಆ ಅಕ್ಕ, ಮುಖ್ಯೋಪಾಧ್ಯಾಯರು ಮತ್ತು ನಾನು ಕೂತು ಲೆಕ್ಕ ಹಾಕಿದೆವು. ಸ್ಪೆಷಲ್ ಕ್ಲಾಸಿನ ಮಕ್ಕಳು ಕತ್ತಲಲ್ಲಿ ನಡೆಯುವುದು ನವೆಂಬರಿನಿಂದ ಮಾರ್ಚಿನವರೆಗೆ. ಹುಳ ಹಾರುವುದು ಮೇ ಕೊನೆಯಿಂದ ಜುಲೈ ಮೊದಲ ವಾರದವರೆಗೆ. ಆಗ ಸ್ಪೆಷಲ್ ಕ್ಲಾಸೇ ಇರುವುದಿಲ್ಲ. ಮಕ್ಕಳು ನಡೆಯುವುದು ಗೇಟಿನಿಂದ ರಸ್ತೆಯವರೆಗಿನ ದಾರಿಯಲ್ಲಿ, ಹುಳ ಇರುವುದು ಹಿಂದಿನ ಹಳ್ಳದಲ್ಲಿ. ಅಂದರೆ ಇಬ್ಬರಿಗೂ ಜಗಳವೇ ಇಲ್ಲ. ಜಗಳ ತಂದದ್ದು ಎತ್ತರದ ಕಂಬ. ಅದು ದಾರಿಯನ್ನೂ ಹಳ್ಳವನ್ನೂ ಒಂದೇ ಸಮ ಬೆಳಗುತ್ತದೆ. ತಮಾಷೆಯೆಂದರೆ, ಅದು ನಿಲ್ಲುವ ಜಾಗದಿಂದ ಗೇಟಿನ ಆಚೆಯ ತಿರುವಿಗೆ ಬೆಳಕು ಬೀಳುವುದೂ ಇಲ್ಲ, ಸಭಾಭವನದ ಗೋಡೆ ಅಡ್ಡ ಬರುತ್ತದೆ. ಮಕ್ಕಳು ಹೆದರುವುದು ಆ ತಿರುವಿನಲ್ಲೇ.

ಹಾಗಾಗಿ ನಾಳೆಯ ಸಭೆಗೆ ನನ್ನ ಕೋರಿಕೆ ಇದು. ಹೈಮಾಸ್ಟ್ ಬೇಡ. ಅದೇ ಹಣದಲ್ಲಿ ಗೇಟಿನಿಂದ ಬಸ್ ಸ್ಟ್ಯಾಂಡಿನ ದಾರಿಗೆ, ತಿರುವಿಗೆ, ಹೆಣ್ಣುಮಕ್ಕಳ ಶೌಚಾಲಯದ ಹಾದಿಗೆ ಗಿಡ್ಡ ಕಂಬಗಳ ದೀಪ ಹಾಕೋಣ. ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಮೇಲೆ ಟೋಪಿ ಇರಲಿ. ಕಣ್ಣು ಕುಕ್ಕುವ ಬಿಳಿ ಬೇಡ, ಹಳದಿ ಬಣ್ಣದ್ದಿರಲಿ. ದಾರಿಯ ದೀಪ ವರ್ಷವಿಡೀ ಉರಿಯಲಿ. ಹಿಂಭಾಗಕ್ಕೆ ಒಂದೇ ದೀಪ, ಅದಕ್ಕೆ ಪ್ರತ್ಯೇಕ ಸ್ವಿಚ್. ಮೇ ಕೊನೆಯಿಂದ ಆರು ವಾರ ಆ ಸ್ವಿಚ್ ಆರಿರಲಿ. ಹಳದಿ ಬಣ್ಣ ಹಾಕಿದರೆ ಹುಳಕ್ಕೆ ತೊಂದರೆಯೇ ಇಲ್ಲ ಎಂದಲ್ಲ, ಆರಿಸುವುದೇ ಅದಕ್ಕೆ ನಿಜವಾದ ಸಹಾಯ. ರಾತ್ರಿ ವಾಲಿಬಾಲ್ ಆಡುವ ಹುಡುಗರು ಆ ಆರು ವಾರ ನಮ್ಮನ್ನು ಬೈಯುತ್ತಾರೆ. ಹೇಗೂ ಆಗ ಮೈದಾನದಲ್ಲಿ ನೀರು ನಿಂತಿರುತ್ತದೆ.

ಉಳಿದ ಹಣ ವಿಜ್ಞಾನದ ಪ್ರಯೋಗಾಲಯಕ್ಕೆ ಹೋಗಲಿ. ಮಕ್ಕಳಿಗೆ ಒಂದು ಕೆಲಸವನ್ನೂ ಕೊಡೋಣ. ಪ್ರತಿ ವರ್ಷ ಜೂನ್‌ನಲ್ಲಿ ಒಂಬತ್ತನೇ ತರಗತಿಯ ಮಕ್ಕಳು ಶಿಕ್ಷಕರ ಜೊತೆ ನಾಲ್ಕು ಸಂಜೆ ಹಳ್ಳದ ಹತ್ತಿರ ನಿಂತು, ಹತ್ತು ನಿಮಿಷದಲ್ಲಿ ಎಷ್ಟು ಮಿಂಚು ಕಂಡವು ಎಂದು ಎಣಿಸಿ ಒಂದು ಪುಸ್ತಕದಲ್ಲಿ ಬರೆಯಲಿ. ಬಾಟಲಿ ಬೇಡ, ಪೆನ್ಸಿಲ್ ಸಾಕು. ನಾವು ಮಾಡಿದ್ದು ಸರಿಯೋ ತಪ್ಪೋ ಎಂದು ಐದು ವರ್ಷದ ಮೇಲೆ ಆ ಪುಸ್ತಕವೇ ಹೇಳುತ್ತದೆ. ತಪ್ಪು ಎಂದು ಕಂಡರೆ ಬದಲಾಯಿಸೋಣ.

ಕಲ್ಲಿನ ಮೇಲೆ ಹೆಸರು ಬರುವುದಿಲ್ಲ ಎಂದು ಬೇಸರಪಡುವ ದಾನಿಗಳಲ್ಲಿ ನಾನೂ ಒಬ್ಬ, ಸುಳ್ಳು ಹೇಳುವುದಿಲ್ಲ. ಆದರೆ ಈ ಶಾಲೆಯ ಹಳೆಯ ವಿಜ್ಞಾನದ ನೋಟ್‌ಬುಕ್ ಒಂದರಲ್ಲಿ ನನ್ನ ಹೆಸರಿದೆ. ‘ಹುಳಗಳ ಸಂಖ್ಯೆ 43. ಓದಿದ್ದು ಒಂದು ಪದ. ಮುಚ್ಚಳಕ್ಕೆ ತೂತು ಮಾಡಿರಲಿಲ್ಲ’ ಎಂದು ನನ್ನ ಕೈಬರಹದಲ್ಲೇ ಇದೆ. ಮೇಷ್ಟ್ರು ಅದನ್ನು ಇಷ್ಟು ವರ್ಷ ಕಾಪಾಡಿಟ್ಟು ನಿನ್ನೆ ನನ್ನ ಕೈಗೆ ಕೊಟ್ಟರು. ಕೆಳಗೆ ಕೆಂಪು ಶಾಯಿಯಲ್ಲಿ ‘ನೋಡಿದೆ’ ಎಂದು ಬರೆದು ಸಹಿ ಹಾಕಿದ್ದಾರೆ.

ಇದರ ಮುಂದಿನ ಪುಟ ಖಾಲಿ ಇದೆ. ಮುಂದಿನ ಜೂನ್‌ನಲ್ಲಿ ಅಲ್ಲಿ ಯಾವ ಸಂಖ್ಯೆ ಬರೆಯಬೇಕು ಎಂಬುದನ್ನು ನಾಳೆಯ ಸಭೆ ತೀರ್ಮಾನಿಸುತ್ತದೆ. ದಯವಿಟ್ಟು ಎಲ್ಲರೂ ಬನ್ನಿ.

 ನನಗೆ ಅಕ್ಷರ ಕೊಟ್ಟ ಈ ಶಾಲೆಗೆ, ಬ್ಯಾಟರಿ ಲೈಟ್ ಕೊಟ್ಟ ಆ ಜಗಲಿಗೆ ನಮಸ್ಕರಿಸಿ ಮಾತು ಮುಗಿಸುತ್ತೇನೆ.